‘ಹೇಳೋ ಮಾರಾಯ’: ಹಿಂದಿ ರೊಮ್ಯಾಂಟಿಕ್ ಕಾಮಿಡಿಗಳ ಬಗ್ಗೆ ಒಂದು ಸಂಜೆ ಆಡಿದ ಮಾತು

ಮೈಸೂರಲ್ಲಿ ಸಿನಿಮಾ ನೋಡಿ ಮಾತಾಡೋ ನಮ್ಮದೊಂದು ಸಣ್ಣ ಗುಂಪಿದೆ, ಅಲ್ಲಿ ಹೋದ ತಿಂಗಳು ಒಂದು ಭಾನುವಾರ ಸಂಜೆ ಆಡಿದ ಮಾತಿದು. ಬಂದಿದ್ದವರಲ್ಲಿ ರಿಟೈರ್ ಆದ ಮೇಷ್ಟ್ರುಗಳಿದ್ರು, ಕಾಲೇಜು ಹುಡುಗ ಹುಡುಗೀರಿದ್ರು, ರಾತ್ರಿ ಅಡುಗೆ ಬೇಗ ಮುಗಿಸಿ ಬಂದ ನಮ್ಮ ಬೀದಿ ಹೆಂಗಸರಿದ್ರು. ಒಬ್ರು ಫೋನಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನ ಕೇಳ್ಕೊಂಡು ಬರೆದಿದ್ದೀನಿ. ಮಧ್ಯ ಜನ ಕೇಳಿದ ಪ್ರಶ್ನೆಗಳನ್ನ ಬಿಟ್ಟಿಲ್ಲ, ಯಾಕಂದ್ರೆ ಒಂದೆರಡು ಕಡೆ ಆ ಪ್ರಶ್ನೆಗಳಿಂದಾನೇ ನನ್ನ ಮಾತು ಬೇರೆ ದಾರಿ ಹಿಡೀತು.

ಎಲ್ರಿಗೂ ನಮಸ್ಕಾರ. ನಮ್ಮಪ್ಪನಿಂದ ಶುರು ಮಾಡ್ತೀನಿ. ನಮ್ಮನೆಗೆ ಟಿವಿ ಬಂದಿದ್ದು ಎಂಬತ್ತರ ದಶಕದಲ್ಲಿ, ಭಾನುವಾರ ಸಂಜೆ ದೂರದರ್ಶನದಲ್ಲಿ ಹಿಂದಿ ಸಿನಿಮಾ ಬರ್ತಿತ್ತಲ್ಲ, ಟಿವಿ ಇಲ್ಲದ ಅಕ್ಕಪಕ್ಕದ ಮನೆಯವರೂ ಬಂದು ಹಾಲ್ ತುಂಬಾ ಕೂರೋರು. ಅಪ್ಪನಿಗೆ ಹಿಂದಿ ಬರ್ತಿರಲಿಲ್ಲ, ನಾವು ಸ್ಕೂಲಲ್ಲಿ ಥರ್ಡ್ ಲ್ಯಾಂಗ್ವೇಜ್ ಓದ್ತಿದ್ದೋರು ಅರ್ಧಂಬರ್ಧ ಅನುವಾದ ಮಾಡಿ ಹೇಳ್ಬೇಕಿತ್ತು. ಫೈಟಿಂಗ್ ಸಿನಿಮಾ ಬಂದ್ರೆ ಅಪ್ಪ ಪೇಪರ್ ಹಿಡ್ಕೊಂಡು ಒಳಗೆ ಹೋಗೋರು. ಆದ್ರೆ ಒಂದಿನ ‘ಛೋಟಿ ಸೀ ಬಾತ್’ ಹಾಕಿದ್ರು. ಅದ್ರಲ್ಲಿ ಅಮೋಲ್ ಪಾಲೇಕರ್ ಬಸ್ ಸ್ಟಾಪಲ್ಲಿ ಆ ಹುಡುಗಿ ಪಕ್ಕದಲ್ಲೇ ನಿಂತು, ಕತ್ತು ಎತ್ತಿ, ಮತ್ತೆ ಇಳಿಸಿ, ಏನೋ ಹೇಳೋಕೆ ಹೋಗಿ ನುಂಗ್ಕೊಂಡಾಗ ಅಪ್ಪ ನಮಗೆಲ್ಲರಿಗಿಂತ ಮುಂಚೆ ನಕ್ಕುಬಿಟ್ರು. ಆಮೇಲೆ ಟಿವಿ ಕಡೆ ಕೈ ಚಾಚಿ, ‘ಹೇಳೋ ಮಾರಾಯ, ಬಸ್ ಹೊರಟು ಹೋಗುತ್ತೆ’ ಅಂದ್ರು. ಯಾರೂ ಅನುವಾದ ಮಾಡಿರಲಿಲ್ಲ, ಮಾಡೋಕೆ ಅಲ್ಲಿ ಮಾತೇ ಇರಲಿಲ್ವಲ್ಲ.

ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದೆಲ್ಲ ಆ ‘ಹೇಳೋ ಮಾರಾಯ’ದಲ್ಲೇ ಇದೆ. ನಮ್ಮ ಸಿನಿಮಾಗಳಲ್ಲಿ ಪ್ರೀತಿಗೆ ಅಡ್ಡ ಬರೋರು ಸಾಮಾನ್ಯವಾಗಿ ಹೊರಗಿನವರು, ಹುಡುಗಿ ಅಪ್ಪ, ಜಾತಿ, ದುಡ್ಡು, ಜೀಪಲ್ಲಿ ಬರೋ ವಿಲನ್. ನನಗೆ ಇಷ್ಟವಾದ ಹಿಂದಿ ರೊಮ್ಯಾಂಟಿಕ್ ಕಾಮಿಡಿಗಳಲ್ಲಿ ಇವರು ಯಾರೂ ಇಲ್ಲ, ಇದ್ರೂ ಸುಮ್ನೆ ಬಂದು ಹೋಗ್ತಾರೆ. ಅಲ್ಲಿ ಅಡ್ಡ ನಿಂತಿರೋದು ಗಂಟಲಲ್ಲಿ ಸಿಕ್ಕಾಕ್ಕೊಂಡಿರೋ ಒಂದು ಮಾತು. ಮನಸ್ಸಲ್ಲಿದೆ, ನಾಲಿಗೆ ತುದಿಗೂ ಬಂದಿದೆ, ಆಚೆ ಬರ್ತಿಲ್ಲ. ಆ ಮಾತು ಆಚೆ ಬರೋಕೆ ಎರಡು ಎರಡೂವರೆ ಗಂಟೆ ಹಿಡಿಯುತ್ತೆ, ಅಷ್ಟು ಹೊತ್ತೂ ನಾವು ನಗ್ತಾ, ಒದ್ದಾಡ್ತಾ, ನಮ್ಮಪ್ಪನ ಥರ ಪರದೆಗೆ ಬುದ್ಧಿ ಹೇಳ್ತಾ ಕೂತಿರ್ತೀವಿ.

‘ಛೋಟಿ ಸೀ ಬಾತ್’ ರಿಲೀಸ್ ಆಗಿದ್ದು 1976ರಲ್ಲಿ. ನಿರ್ದೇಶಕರು ಬಾಸು ಚಟರ್ಜಿ, ಪ್ರೊಡ್ಯೂಸರ್ ಬಿ.ಆರ್. ಚೋಪ್ರಾ. ಅರುಣ್ ಅನ್ನೋ ಒಬ್ಬ ಹುಡುಗ ಬಾಂಬೆಯ ಒಂದು ಆಫೀಸಲ್ಲಿ ಕೆಲಸ ಮಾಡ್ತಾನೆ, ದಿನಾ ಬಸ್ ಸ್ಟಾಪಲ್ಲಿ ಪ್ರಭಾ ಅನ್ನೋ ಹುಡುಗಿನ ನೋಡ್ತಾನೆ, ವಿದ್ಯಾ ಸಿನ್ಹಾ ಅವರು. ಅವಳು ಕಾಟನ್ ಸೀರೆ ಉಟ್ಟು, ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೋಗೋ ಹುಡುಗಿ, ನಮ್ಮ ಚಿಕ್ಕಮ್ಮಂದಿರು ಎಪ್ಪತ್ತರಲ್ಲಿ ಹೋಗ್ತಿದ್ರಲ್ಲ ಹಾಗೇ. ಇವನು ಅವಳ ಹಿಂದೆ ಅವಳ ಆಫೀಸ್ ತನಕ ಹೋಗಿ ವಾಪಸ್ ಬರ್ತಾನೆ. ಅಷ್ಟೇ. ಮನಸ್ಸಲ್ಲಿ ಮಾತ್ರ ಭರ್ಜರಿ ಧೈರ್ಯ, ಕಲ್ಪನೇಲಿ ಏನೇನೋ ಡೈಲಾಗ್ ಹೊಡೀತಾನೆ, ಕಣ್ಣು ಬಿಟ್ರೆ ಅದೇ ಕ್ಯೂ, ಅದೇ ಫೈಲು. ಅಷ್ಟರಲ್ಲಿ ಅಸ್ರಾನಿ ಸ್ಕೂಟರ್ ತಗೊಂಡು ಬರ್ತಾನೆ, ನಾಗೇಶ್ ಅಂತ ಹೆಸರು, ಸಲೀಸಾಗಿ ಮಾತಾಡ್ತಾನೆ, ಲಿಫ್ಟ್ ಕೊಡ್ತಾನೆ. ಬಸ್ಸಿಗೆ ಕಾಯೋನಿಗೂ ಸ್ಕೂಟರ್ ಇರೋನಿಗೂ ಎಷ್ಟು ದೂರ ಇತ್ತು ಅಂತ ಆ ಕಾಲದೋರಿಗೆ ಗೊತ್ತು, ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಿದ್ದ ಕಾಲ ಅದು. ಅರುಣ್ ತಾನೂ ಒಂದು ಹಳೇ ಮೋಟರ್ ಸೈಕಲ್ ಕೊಳ್ತಾನೆ, ಅದು ಕೈ ಕೊಡುತ್ತೆ. ಕೊನೆಗೆ ಖಂಡಾಲದಲ್ಲಿರೋ ಒಬ್ಬ ಕರ್ನಲ್ ಹತ್ರ, ಅಶೋಕ್ ಕುಮಾರ್ ಹತ್ರ, ಧೈರ್ಯದ ಟ್ರೈನಿಂಗಿಗೆ ಹೋಗ್ತಾನೆ.

ಜನ ಖಂಡಾಲದ ಭಾಗ ನೆನೆಸ್ಕೊಂಡು ನಗ್ತಾರೆ. ನನಗೆ ಈ ಸಿನಿಮಾದ ಜೀವ ಇರೋದು ಅವನು ಊರಲ್ಲಿಲ್ಲದ ಆ ಸ್ವಲ್ಪ ಹೊತ್ತಲ್ಲಿ. ಪ್ರಭಾ ಎಂದಿನಂತೆ ಬಸ್ ಸ್ಟಾಪಿಗೆ ಬರ್ತಾಳೆ, ಅವನಿಲ್ಲ. ದಿನಾ ಅವನು ಹಿಂದೆ ಬರ್ತಿದ್ದ ದಾರೀಲಿ ನಡೀತಾಳೆ, ತಿರುಗಿ ನೋಡ್ತಾಳೆ, ಯಾರೂ ಇಲ್ಲ. ಹಿನ್ನೆಲೇಲಿ ಲತಾ ಮಂಗೇಶ್ಕರ್ ದನಿ, ಸಲಿಲ್ ಚೌಧರಿ ಸಂಗೀತ, ಯೋಗೇಶ್ ಸಾಹಿತ್ಯ. ಯಾರೋ ಹೊರಟು ಹೋದ್ಮೇಲೆ ಅವರ ಪುಟ್ಟ ಪುಟ್ಟ ವಿಷಯಗಳೆಲ್ಲ ಇದ್ದಕ್ಕಿದ್ದಂಗೆ ಯಾಕೆ ನೆನಪಾಗ್ತವೆ ಅಂತ ಹಾಡು. ಸಿನಿಮಾದ ಹೆಸರು ಬಂದಿರೋದೇ ಅಲ್ಲಿಂದ. ಇಷ್ಟು ಹೊತ್ತು ನಾವು ಅವನೊಬ್ಬನೇ ಒದ್ದಾಡ್ತಿದ್ದಾನೆ ಅಂದ್ಕೊಂಡಿದ್ವಿ, ಅವಳೂ ಅಷ್ಟೇ ದಿನದಿಂದ ಕಾಯ್ತಿದ್ಲು ಅಂತ ಆಗ ಗೊತ್ತಾಗುತ್ತೆ. ಖಾಲಿ ಫುಟ್‌ಪಾತ್ ತೋರಿಸಿ ಪ್ರೀತಿ ಹುಟ್ಟಿದ್ದನ್ನ ಹೇಳೋದು ಎಷ್ಟು ದೊಡ್ಡ ಕಸುಬುಗಾರಿಕೆ ನೋಡಿ.

ಇಲ್ಲಿ ಎರಡನೇ ಸಾಲಲ್ಲಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ‘ಮೇಡಂ, ಒಬ್ಬ ದಿನಾ ಹಿಂದೆ ಹಿಂದೆ ಬರೋದು ನಿಮಗೆ ಚೆನ್ನಾಗಿದೆ ಅನ್ಸುತ್ತಾ? ನನಗೆ ಕಾಲೇಜಿಂದ ಬರೋವಾಗ ಹಂಗಾಗಿದೆ, ಭಯ ಆಗುತ್ತೆ ಮೇಡಂ, ನಗು ಬರಲ್ಲ.’ ಹಾಲ್ ಒಂದು ಕ್ಷಣ ಸುಮ್ಮನಾಯ್ತು. ನಾನು ಹೇಳಿದ್ದು ಇಷ್ಟು: ನೀನು ಹೇಳಿದ್ದು ಸರಿ ಕಣಮ್ಮ, ಅದನ್ನ ನಾನು ಅಲ್ಲಗಳೆಯಲ್ಲ. ಸಿನಿಮಾದಲ್ಲಿ ಪ್ರಭಾಗೆ ಭಯ ಇಲ್ಲ ಅಂತ ನಿರ್ದೇಶಕರು ನಮಗೆ ತೋರಿಸ್ತಾರೆ, ಅವಳಿಗೆ ಮೊದಲಿಂದ ಗೊತ್ತು, ಗೆಳತಿ ಹತ್ರ ಹೇಳ್ಕೊಂಡು ನಗ್ತಾಳೆ. ರಸ್ತೇಲಿ ನಡೆಯೋ ಹುಡುಗಿಗೆ ಆ ಗ್ಯಾರಂಟಿ ಯಾರು ಕೊಡ್ತಾರೆ? ನಾನು ಚಿಕ್ಕೋಳಿದ್ದಾಗ ಈ ಪ್ರಶ್ನೆ ನನಗೆ ಹೊಳೀಲಿಲ್ಲ, ಈಗ ಪ್ರತಿ ಸಲ ನೋಡೋವಾಗಲೂ ಹೊಳೆಯುತ್ತೆ. ಇನ್ನೊಂದು ವಿಷಯ ಇದೆ, ಕರ್ನಲ್ ಕಲಿಸಿ ಕಳಿಸಿದ ಟ್ರಿಕ್ಕುಗಳು ನಾಗೇಶನನ್ನ ಸೋಲಿಸೋಕೆ ಸಾಕಾಗ್ತವೆ, ಆದ್ರೆ ಪ್ರಭಾ ವಿಷಯಕ್ಕೆ ಬಂದಾಗ ಅರುಣನಿಗೇ ಆ ಟೆಕ್ನಿಕ್ ಬಳಸೋಕೆ ಮನಸ್ಸು ಬರಲ್ಲ. ಸಿನಿಮಾಕ್ಕೂ ಆ ಅಳುಕು ಇತ್ತು ಅಂತ ನಾನು ಓದ್ಕೊಳ್ತೀನಿ. ಆದ್ರೂ ನಿನ್ನ ಭಯ ಭಯಾನೇ. ಎರಡನ್ನೂ ಇಟ್ಕೊಂಡೇ ನೋಡ್ಬೇಕು.

ಬಾಸು ಚಟರ್ಜಿ ಸಿನಿಮಾಕ್ಕೆ ಬರೋಕೆ ಮುಂಚೆ ವರ್ಷಾನುಗಟ್ಟಲೆ ‘ಬ್ಲಿಟ್ಜ್’ ವಾರಪತ್ರಿಕೆಗೆ ಕಾರ್ಟೂನ್ ಬರೀತಿದ್ರು. ಪತ್ರಿಕೆ ವ್ಯಂಗ್ಯಚಿತ್ರಕಾರನ ಕಣ್ಣು ಅಂದ್ರೆ ಏನು, ಬೀದೀಲಿ ಹೋಗೋ ಸಾಮಾನ್ಯ ಮನುಷ್ಯನ ಭುಜ ಯಾವ ಕಡೆ ಇಳಿದಿದೆ, ಛತ್ರಿ ಹೆಂಗೆ ಹಿಡ್ಕೊಂಡಿದ್ದಾನೆ ಅಂತ ನೋಡೋ ಕಣ್ಣು. ಅಮೋಲ್ ಪಾಲೇಕರ್ ಬಾಂಬೆಯ ಜೆ.ಜೆ. ಸ್ಕೂಲ್ ಆಫ್ ಆರ್ಟಲ್ಲಿ ಚಿತ್ರಕಲೆ ಕಲಿತವರು, ನಾಟಕ ಮಾಡ್ತಾ ಬ್ಯಾಂಕಲ್ಲಿ ಗುಮಾಸ್ತರಾಗಿದ್ದವರು. ಈ ಇಬ್ಬರೂ 1974ರಲ್ಲಿ ‘ರಜನೀಗಂಧಾ’ದಲ್ಲಿ ಒಟ್ಟಿಗೆ ಸೇರಿದ್ರು, ಮನ್ನೂ ಭಂಡಾರಿ ಅವರ ಕಥೆ ಅದು. ಆಮೇಲೆ ‘ಛೋಟಿ ಸೀ ಬಾತ್’, ಅದೇ ವರ್ಷ ‘ಚಿತ್‌ಚೋರ್’, 1979ಕ್ಕೆ ‘ಬಾತೋಂ ಬಾತೋಂ ಮೇಂ’. ಇದು ಯಾವ ಕಾಲ ಅಂತ ನೆನಪಿಸ್ಕೊಳಿ. 1975ರಲ್ಲೇ ‘ದೀವಾರ್’, ‘ಶೋಲೆ’ ಎರಡೂ ಬಂದಿದ್ದು, ಆ ವರ್ಷ ಜೂನಲ್ಲಿ ತುರ್ತು ಪರಿಸ್ಥಿತಿ. ಪರದೆ ಮೇಲೆ ಸಿಟ್ಟು, ಗುಂಡು, ಡಕಾಯಿತರು. ಅದರ ಪಕ್ಕದ ಥಿಯೇಟರಲ್ಲಿ ಒಬ್ಬ ಹುಡುಗ ಒಂದು ಮಾತು ಹೇಳೋಕೆ ಧೈರ್ಯ ಇಲ್ದೆ ನಿಂತಿದ್ದಾನೆ, ಜನ ಅದಕ್ಕೂ ಟಿಕೆಟ್ ತಗೊಂಡ್ರು. ‘ಯಾಂಗ್ರಿ ಯಂಗ್ ಮ್ಯಾನ್’ ಬಗ್ಗೆ ನಾವು ಪುಸ್ತಕ ಬರೀತೀವಿ, ಈ ನಾಚ್ಕೊಳೋ ಹುಡುಗನ ಬಗ್ಗೆ ಅಷ್ಟು ಬರೆದಿಲ್ಲ ಅನ್ನೋದು ನನ್ನ ಕೊರಗು. ಆಫೀಸಲ್ಲಿ ಬೆವರು ಸುರಿಸಿ ಸಾಲದ ಕಂತು ಕಟ್ಟೋ ಲಕ್ಷಾಂತರ ಜನ ತಮ್ಮನ್ನ ತಾವು ನೋಡ್ಕೊಂಡಿದ್ದು ಇವನಲ್ಲಿ.

ಈ ಸಿನಿಮಾಗಳಲ್ಲಿ ಹಾಡು ಎಲ್ಲಿ ಬರುತ್ತೆ ಗಮನಿಸಿ. ಹಿಂದಿ ಹೀರೋ ಅಂದ್ರೆ ಬೆಟ್ಟದ ಮೇಲೆ ನಿಂತು ತುಟಿ ಆಡಿಸ್ಬೇಕು. ‘ರಜನೀಗಂಧಾ’ದಲ್ಲಿ ಟ್ಯಾಕ್ಸಿ ಒಳಗೆ ಇಬ್ಬರೂ ಸುಮ್ನೆ ಕೂತಿರ್ತಾರೆ, ಅವಳು ಹಳೇ ಗೆಳೆಯನ ಕಡೆ ನೋಡ್ತಾಳೆ, ಅವನು ಹೊರಗೆ ನೋಡ್ತಾನೆ, ಮುಕೇಶ್ ದನಿ ಎಲ್ಲಿಂದಲೋ ಬರ್ತಾ ಇರುತ್ತೆ. ಆ ಹಾಡಿಗೆ ಮುಕೇಶ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ಛೋಟಿ ಸೀ ಬಾತ್’ನಲ್ಲಿ ತುಟಿ ಆಡಿಸೋ ಹಾಡು ಬರೋದು ಸಿನಿಮಾ ಒಳಗಿನ ಸಿನಿಮಾದಲ್ಲಿ, ಪರದೆ ಮೇಲೆ ಧರ್ಮೇಂದ್ರ ಹೇಮಾಮಾಲಿನಿ ಹಾಡ್ತಾ ಇರ್ತಾರೆ, ನಮ್ಮ ಯೇಸುದಾಸ್ ಮತ್ತೆ ಆಶಾ ಭೋಸ್ಲೆ ದನಿ, ಅರುಣ್ ಸೀಟಲ್ಲಿ ಕೂತು ಆ ಜಾಗದಲ್ಲಿ ತನ್ನನ್ನೂ ಪ್ರಭಾನೂ ಕಲ್ಪಿಸ್ಕೋತಾನೆ. ಇವರಿಗೆ ಹಾಡೋ ಹಕ್ಕೂ ಕಲ್ಪನೇಲಿ ಮಾತ್ರ. ಹೇಳೋಕಾಗದ್ದನ್ನ ಯಾರೋ ಅವರ ಪರವಾಗಿ ಹಾಡ್ತಾರೆ.

ಇನ್ನೊಂದು ಜಾಗದ ವಿಷಯ. ಬಸ್ ಸ್ಟಾಪೇ ಯಾಕೆ? ಯಾಕಂದ್ರೆ ಮನೇಲಿ ಜಾಗ ಇಲ್ಲ. ಬಾಂಬೆಯ ಚಾಳಲ್ಲಿ ಒಂದು ರೂಮಲ್ಲಿ ಆರು ಜನ, ಗೋಡೆಗೆಲ್ಲ ಕಿವಿ. ಪ್ರೀತಿ ಮಾಡೋರಿಗೆ ಸಿಗೋದು ಊರಿಗೆಲ್ಲ ಸೇರಿದ ಜಾಗ, ಬಸ್ಸು, ಲೋಕಲ್ ಟ್ರೈನು, ಮೆಟ್ಟಿಲು, ಕಿಟಕಿ. ಎಲ್ಲರೆದುರಿಗೆ ಗುಟ್ಟು ಹೇಳ್ಬೇಕು, ತಮಾಷೆ ಹುಟ್ಟೋದು ಅಲ್ಲೇ. ನಮ್ಮ ಕನ್ನಡದಲ್ಲೂ ಇದು ಚೆನ್ನಾಗಿ ಗೊತ್ತಿತ್ತು, 1990ರ ‘ಗಣೇಶನ ಮದುವೆ’ ನೆನಪಿಸ್ಕೊಳಿ, ಫಣಿ ರಾಮಚಂದ್ರ ಅವರದ್ದು, ಒಂದೇ ವಠಾರದಲ್ಲಿ ಅನಂತನಾಗ್, ವಿನಯಾ ಪ್ರಸಾದ್ ಜಗಳ ಆಡ್ಕೊಂಡು ಇರೋದು. ನಲ್ಲಿ ನೀರಿನ ಕ್ಯೂ ಹತ್ರ ಹುಟ್ಟೋ ಪ್ರೀತಿ ನಮಗೆ ಯಾರೂ ವಿವರಿಸ್ಬೇಕಾಗಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1958ರ ‘ಚಲ್ತೀ ಕಾ ನಾಮ್ ಗಾಡಿ’. ಮೂರು ಜನ ಅಣ್ಣತಮ್ಮಂದಿರ ಗ್ಯಾರೇಜು, ಆಕ್ಟ್ ಮಾಡಿರೋರೂ ನಿಜವಾದ ಅಣ್ಣತಮ್ಮಂದಿರೇ, ಅಶೋಕ್ ಕುಮಾರ್, ಅನೂಪ್ ಕುಮಾರ್, ಕಿಶೋರ್ ಕುಮಾರ್. ದೊಡ್ಡಣ್ಣನಿಗೆ ಹೆಂಗಸರು ಅಂದ್ರೆ ಆಗಲ್ಲ, ಗ್ಯಾರೇಜ್ ಹತ್ರ ಸುಳಿಯೋ ಹಾಗಿಲ್ಲ. ಮಳೆ ಸುರಿಯೋ ರಾತ್ರಿ ಮಧುಬಾಲಾ ಕಾರು ಕೆಟ್ಟು ಒದ್ದೆ ಸೀರೇಲಿ ಬರ್ತಾಳೆ. ಕಿಶೋರ್ ರಿಪೇರಿ ಮಾಡ್ತಾ ಗ್ಯಾರೇಜಿನ ಸಾಮಾನಲ್ಲೇ ತಾಳ ಹಾಕ್ಕೊಂಡು ಎಸ್.ಡಿ. ಬರ್ಮನ್ ಹಾಡು ಹಾಡ್ತಾನೆ. ಅವಳು ದುಡ್ಡು ಕೊಡೋದು ಮರೆತು ಹೊರಟು ಹೋಗ್ತಾಳೆ, 5 ರೂಪಾಯಿ 12 ಆಣೆ. ಆ ಬಾಕಿ ವಸೂಲಿಗೆ ಅಂತ ಅವನು ಹೋಗ್ತಾನೆ ನೋಡಿ, ಅದೇ ಕಥೆ. ಮತ್ತೆ ನೋಡ್ಬೇಕು ಅಂತ ಬಾಯಿ ಬಿಟ್ಟು ಹೇಳೋಕಾಗಲ್ಲ, ‘ನನ್ನ 5 ರೂಪಾಯಿ 12 ಆಣೆ’ ಅಂತ ಕೇಳಬಹುದು. 1957ರ ಏಪ್ರಿಲಲ್ಲೇ ದೇಶಕ್ಕೆ ನಯಾ ಪೈಸೆ ಬಂದಿತ್ತು, ಆಣೆ ಲೆಕ್ಕ ಹೋಗ್ತಾ ಇದ್ದ ಕಾಲ. ಸರ್ಕಾರಿ ಲೆಕ್ಕದಲ್ಲಿ 12 ಆಣೆ 75 ಪೈಸೆ ಆಗೋಗಿದೆ, ಪ್ರೀತಿಯ ಬಾಕಿ ಮಾತ್ರ ಹಳೇ ಲೆಕ್ಕದಲ್ಲೇ ಉಳ್ಕೊಂಡಿದೆ. ಆ ಹಾಡು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತೆ.

ಹೃಷಿಕೇಶ್ ಮುಖರ್ಜಿ ದಾರಿ ಬೇರೆ. ಅವರ ಸಿನಿಮಾದಲ್ಲಿ ಪ್ರೀತಿ ಹೇಳೋದು ಅಂಥಾ ಕಷ್ಟ ಅಲ್ಲ, ಹೇಳಿಯಾದ್ಮೇಲೆ ಮನೆಯೋರ ಜೊತೆ ಆಡೋ ಆಟಾನೇ ಮಜಾ. 1975ರ ‘ಚುಪ್ಕೆ ಚುಪ್ಕೆ’ಯಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಧರ್ಮೇಂದ್ರ ಡ್ರೈವರ್ ವೇಷದಲ್ಲಿ ಹೆಂಡತಿಯ ಭಾವನ ಮನೆ ಸೇರ್ಕೋತಾನೆ, ಶುದ್ಧ ಹಿಂದಿ ಮಾತಾಡಿ ಓಂ ಪ್ರಕಾಶ್ ತಲೆ ತಿಂತಾನೆ. ‘ಶೋಲೆ’ ಬಂದ ವರ್ಷವೇ, ಅದೇ ಧರ್ಮೇಂದ್ರ, ಅದೇ ಅಮಿತಾಭ್, ಅದೇ ಜಯಾ, ಗನ್ ಇಲ್ಲ, ಕುದುರೆ ಇಲ್ಲ. ಇಂಗ್ಲಿಷಲ್ಲಿ ಟಿ ಓ ‘ಟು’, ಡಿ ಓ ‘ಡು’, ಹಾಗಾದ್ರೆ ಜಿ ಓ ಯಾಕೆ ‘ಗು’ ಆಗಲ್ಲ ಅಂತ ಡ್ರೈವರ್ ಕೇಳೋ ಸೀನ್ ಇದೆಯಲ್ಲ, ಕನ್ನಡ ಮೀಡಿಯಂ ಓದಿ ಐದನೇ ಕ್ಲಾಸಲ್ಲಿ ಎ ಬಿ ಸಿ ಡಿ ಹಿಡಿದ ನಮಗೆಲ್ಲ ಅದು ನಮ್ಮದೇ ಪ್ರಶ್ನೆ, ನಾವು ಕೇಳೋಕೆ ಹೆದರಿದ್ವಿ ಅಷ್ಟೇ.

ಒಂದು ಬೇಜಾರಿನ ಮಾತೂ ಹೇಳ್ಬೇಕು. 1968ರ ‘ಪಡೋಸನ್’ ಕಿಟಕಿಯಿಂದ ಕಿಟಕಿಗೆ ನಡೆಯೋ ಪ್ರೀತಿ, ಸುನಿಲ್ ದತ್ ಬಾಯಿ ಆಡಿಸೋದು, ಹಿಂದೆ ಬಚ್ಚಿಟ್ಕೊಂಡು ಕಿಶೋರ್ ಹಾಡೋದು. ಹೇಳೋಕೆ ಬರದೋನಿಗೆ ಸಾಲದ ದನಿ, ಐಡಿಯಾ ಅದ್ಭುತ. ಆದ್ರೆ ಮೆಹಮೂದ್ ಮಾಡಿರೋ ಸಂಗೀತದ ಮೇಷ್ಟ್ರನ್ನ ನೋಡಿದ್ರೆ ನನಗೆ ನೋವಾಗುತ್ತೆ. ಜುಟ್ಟು, ಪಂಚೆ, ಎಳೆದೆಳೆದು ಮಾತಾಡೋ ‘ಮದ್ರಾಸಿ’. ವಿಂಧ್ಯದ ಆಚೆ ನಾವೆಲ್ಲ ವರ್ಷಾನುಗಟ್ಟಲೆ ಆ ಒಂದು ಗೊಂಬೆ ಥರಾನೇ ಕಂಡ್ವಿ, ದಿಲ್ಲೀಲಿ ಕೆಲಸಕ್ಕಿದ್ದ ನಮ್ಮ ಮಾವ ಅದೇ ದನೀಲಿ ರೇಗಿಸಿಸ್ಕೊಂಡಿದ್ದನ್ನ ಹೇಳ್ತಿದ್ರು. ‘ಏಕ್ ಚತುರ್ ನಾರ್’ನಲ್ಲಿ ಆ ಮೇಷ್ಟ್ರಿಗೆ ಮನ್ನಾ ಡೇ ಹಾಡಿರೋದು ಎಷ್ಟು ಪಕ್ಕಾ ಅಂದ್ರೆ ಸಂಗೀತ ಗೊತ್ತಿರೋನು ಯಾರು ಅಂತ ಕಿವಿಗೆ ಗೊತ್ತಾಗುತ್ತೆ, ಕಥೆ ಮಾತ್ರ ಅವನನ್ನ ಸೋಲಿಸುತ್ತೆ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ಸಿನಿಮಾ. ‘ಚಶ್ಮೆ ಬದ್ದೂರ್’, 1981, ಸಾಯಿ ಪರಾಂಜಪೆ. ಅದಕ್ಕೆ ಮುಂಚೆ ‘ಸ್ಪರ್ಶ್’ ಮಾಡಿದ್ರು, ರೇಡಿಯೋ, ದೂರದರ್ಶನದಲ್ಲಿ ಕೆಲಸ ಮಾಡಿದೋರು. ದಿಲ್ಲೀಲಿ ಒಂದು ರೂಮಲ್ಲಿ ಮೂರು ಜನ ಹುಡುಗರು, ಒಂದೇ ಸಿಗರೇಟು ಮೂರು ಜನಕ್ಕೆ ಸುತ್ತುತ್ತೆ, ಒಂದೇ ಬೈಕು, ಪಾನ್ ಅಂಗಡಿ ಲಲ್ಲನ್ ಮಿಯಾ ಹತ್ರ ಸಾಲ, ಆ ಲಲ್ಲನ್ ಮಿಯಾ ಸಯೀದ್ ಜಾಫ್ರಿ, ಸಾಲ ಕೇಳೋದ್ರಲ್ಲೂ ಎಂಥಾ ಮರ್ಯಾದೆ ಅವರದ್ದು! ಎದುರು ಮನೆಗೆ ಬಂದ ಹುಡುಗಿ ನೇಹಾ, ದೀಪ್ತಿ ನವಲ್. ಇಬ್ಬರು ಗೆಳೆಯರು, ರವಿ ಬಾಸ್ವಾನಿ, ರಾಕೇಶ್ ಬೇಡಿ, ಒಬ್ಬೊಬ್ಬರಾಗಿ ಹೋಗಿ ಅವಳ ಹತ್ರ ಮುಖಭಂಗ ಮಾಡಿಸ್ಕೊಂಡು ಬರ್ತಾರೆ, ರೂಮಿಗೆ ಬಂದು ತಾವು ಗೆದ್ದ ಹಾಗೆ ಕಥೆ ಕಟ್ಟಿ ಹೇಳ್ತಾರೆ, ಆ ಸುಳ್ಳೆಲ್ಲ ಹಳೇ ಹಿಂದಿ ಸಿನಿಮಾ ಹಾಡಿನ ಥರ ನಮ್ಮ ಕಣ್ಣಿಗೆ ಕಾಣುತ್ತೆ. ಮೂರನೆಯವನು ಸಿದ್ಧಾರ್ಥ, ಫಾರೂಕ್ ಶೇಖ್, ಪುಸ್ತಕದ ಹುಳ, ಹೋಗೋದೇ ಇಲ್ಲ. ಅವಳೇ ಬರ್ತಾಳೆ. ಸಂಗೀತದ ಫೀಸಿಗೆ ಅಂತ ಮನೆ ಮನೆಗೆ ‘ಚಮ್ಕೋ’ ಅನ್ನೋ ಬಟ್ಟೆ ಪೌಡರ್ ಮಾರೋ ಹುಡುಗಿ ಅವಳು, ಬಾಗಿಲು ತಟ್ಟಿ, ನೀರು ತರಿಸಿ, ಅವನ ಟವೆಲ್ ಒಗೆದು ತೋರಿಸ್ತಾಳೆ. ಆ ಇಬ್ಬರು ರೂಮಲ್ಲೇ ಅವಿತ್ಕೊಂಡಿದ್ದಾರೆ.

ಆ ಒಂದು ಸೀನಿಗೆ ನಾನು ಎಷ್ಟು ಸಲ ಸೋತಿದ್ದೀನೋ. ಅಲ್ಲಿ ಯಾರೂ ಯಾರ ಹಿಂದೇನೂ ಹೋಗಿಲ್ಲ. ಅವಳು ತನ್ನ ಕೆಲಸ ಮಾಡ್ತಿದ್ದಾಳೆ, ಸೇಲ್ಸ್ ಮಾತು ಕಂಠಪಾಠ ಮಾಡಿದ್ದನ್ನ ಒಪ್ಪಿಸ್ತಿದ್ದಾಳೆ, ಅವನು ಪಾಪ ಕೇಳಿಸ್ಕೊಳ್ತಿದ್ದಾನೆ, ನಿಜವಾಗ್ಲೂ ಕೇಳಿಸ್ಕೊಳ್ತಿದ್ದಾನೆ. ಬಹುಶಃ ಒಬ್ಬ ಹೆಂಗಸು ನಿರ್ದೇಶನ ಮಾಡಿದ್ದಕ್ಕೆ ಇದು ಸಾಧ್ಯ ಆಯ್ತು ಅಂತ ನನಗನ್ಸುತ್ತೆ, ಹುಡುಗರ ಶೋಕಿ ಎಷ್ಟು ಪೊಳ್ಳು ಅಂತ ತೋರಿಸ್ತಾರೆ, ಆದ್ರೆ ಆ ಹುಡುಗರ ಮೇಲೆ ನಮಗೆ ಸಿಟ್ಟು ಬರೋ ಹಾಗೆ ಮಾಡಲ್ಲ. ಆಗಲೇ ಪ್ರಶ್ನೆ ಕೇಳಿದ್ಯಲ್ಲಮ್ಮ, ನಿನಗೆ ನಾನು ಕೊಡಬಹುದಾದ ಉತ್ತರ ಇದ್ರೆ ಈ ಸಿನಿಮಾನೇ. ಪಾರ್ಕಲ್ಲಿ ಐಸ್‌ಕ್ರೀಂ ತಿನ್ನೋ ಎರಡು ಜೀವ, ಅಕ್ಕಪಕ್ಕ ಕೂತು ಏನು ಮಾತಾಡ್ಬೇಕು ಅಂತ ಗೊತ್ತಾಗ್ದೆ ಇಬ್ಬರೂ ಒಟ್ಟಿಗೆ ತಡವರಿಸೋದು, ಅಲ್ಲಿ ತಡವರಿಕೆ ಸರಿಸಮ ಇದೆ. ಸಾಯಿ ಅವರ ‘ಕಥಾ’ನೂ ನೋಡಿ, 1983ರದ್ದು, ಚಾಳಿನ ಕಥೆ. ಹೇಳೋಕಾಗದ ಗುಮಾಸ್ತ ನಾಸಿರುದ್ದೀನ್ ಶಾ, ಎಲ್ಲಾ ಸಲೀಸಾಗಿ ಹೇಳೋ ಮೋಸಗಾರ ಫಾರೂಕ್ ಶೇಖ್. ಹಿಂದಿನ ಸಿನಿಮಾದ ಪಾಪದ ಹುಡುಗನಿಗೇ ಮೋಸಗಾರನ ಪಾತ್ರ ಕೊಟ್ಟು, ಸಲೀಸು ಮಾತನ್ನ ನಂಬಬೇಡಿ ಅಂದ್ರು.

ತೊಂಬತ್ತರ ದಶಕ ನಾನು ಬೇಗ ದಾಟಿಬಿಡ್ತೀನಿ, ಕ್ಷಮಿಸಿ. 1994ರ ‘ಹಮ್ ಆಪ್ಕೆ ಹೈ ಕೌನ್’, 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’, ನಾನೂ ಥಿಯೇಟರಲ್ಲಿ ಕೂತು ನೋಡಿದೋಳೇ, ಸೀರೆ ಬಣ್ಣ ನೋಡಿ ಅದೇ ಥರದ್ದು ಹುಡುಕಿದೋಳೇ. ಆದ್ರೆ ಮನೆಗಳು ದೊಡ್ಡವಾದ್ವು, ಮದುವೆಗಳು ದೊಡ್ಡವಾದ್ವು, ಲಂಡನ್ನು ಸ್ವಿಟ್ಜರ್ಲೆಂಡು ಬಂತು, ಬಸ್ ಸ್ಟಾಪ್ ಮಾಯವಾಯ್ತು. ಸಮಸ್ಯೆ ಹೇಳೋದಲ್ಲ, ಅಪ್ಪನ ಒಪ್ಪಿಗೆ ಅಂತಾಯ್ತು. 1997ರಲ್ಲಿ ದಿಲ್ಲಿಯ ಸಾಕೇತಲ್ಲಿ ದೇಶದ ಮೊದಲ ಮಲ್ಟಿಪ್ಲೆಕ್ಸ್ ಶುರುವಾದ್ಮೇಲೆ ನಿಧಾನಕ್ಕೆ ಸಣ್ಣ ಕಥೆಗಳಿಗೆ ಮತ್ತೆ ಜಾಗ ಸಿಕ್ತು, ಸಾವಿರ ಸೀಟು ತುಂಬಿಸ್ಬೇಕು ಅನ್ನೋ ಹಂಗಿಲ್ಲ, ಇನ್ನೂರು ಮುನ್ನೂರು ಜನಕ್ಕೆ ಒಂದು ಸಿನಿಮಾ ಮಾಡಬಹುದು.

2007, ‘ಜಬ್ ವಿ ಮೆಟ್’, ಇಮ್ತಿಯಾಜ್ ಅಲಿ. (ಇಲ್ಲಿ ಹುಡುಗೀರೆಲ್ಲ ಒಟ್ಟಿಗೆ ಚಪ್ಪಾಳೆ ಹೊಡೆದ್ರು.) ಇದ್ರಲ್ಲಿ ನನ್ನ ಲೆಕ್ಕ ತಲೆಕೆಳಗಾಗುತ್ತೆ. ಮಾತು ಬರದೋನು ಇದ್ದಾನೆ, ಆದಿತ್ಯ, ಅಪ್ಪ ಸತ್ತು, ಕಂಪನಿ ಮುಳುಗ್ತಾ ಇದ್ದು, ಎಲ್ಲಾ ಬಿಟ್ಟು ಸುಮ್ನೆ ಒಂದು ರೈಲು ಹತ್ತಿ ಕೂತಿರೋನು. ಎದುರಿಗೆ ಗೀತ್, ಕರೀನಾ ಕಪೂರ್, ಅವಳ ಬಾಯಿಗೆ ಬ್ರೇಕ್ ಇಲ್ಲ. ಜೀವನದಲ್ಲಿ ಒಂದೇ ಒಂದು ರೈಲು ತಪ್ಪಿಸ್ಕೊಂಡಿಲ್ಲ ಅಂತ ಹೆಮ್ಮೆಪಡೋ ಹುಡುಗಿ ಇವನಿಗೋಸ್ಕರ ಇಳಿದು ರೈಲು ತಪ್ಪಿಸ್ಕೋತಾಳೆ, ರತ್ಲಾಮಲ್ಲಿ ಮತ್ತೆ ತಪ್ಪಿಸ್ಕೋತಾಳೆ. ನನಗೆ ನಾನೇ ಫೇವರಿಟ್ ಅಂತಾಳೆ. ಅರ್ಧ ಸಿನಿಮಾ ಅವಳದೇ ಮಾತು. ಆಮೇಲೆ ಅವಳು ನಂಬಿ ಹೋದ ಹುಡುಗ ಕೈ ಬಿಡ್ತಾನೆ, ಇವನು ಹುಡುಕ್ಕೊಂಡು ಹೋದ್ರೆ ಶಿಮ್ಲಾದಲ್ಲಿ ಟೀಚರ್ ಕೆಲಸ ಮಾಡ್ಕೊಂಡು, ತಲೆ ತಗ್ಗಿಸಿ, ಎರಡು ಪದ ಕೂಡ ಆಡದ ಹುಡುಗಿ ಸಿಗ್ತಾಳೆ. ಆಗ ಇವನು ಮಾತಾಡೋಕೆ ಶುರು ಮಾಡ್ತಾನೆ, ಅವಳ ಹತ್ರ ಕಲಿತ ಮಾತೇ. ಫೋನ್ ಕೈಗೆ ಕೊಟ್ಟು, ಆ ಹುಡುಗನಿಗೆ ಬೈದು ಬಿಡು, ಮನಸ್ಸಲ್ಲಿರೋದೆಲ್ಲ ಬೈದು ಬಿಡು ಅಂತಾನೆ. ಅವಳು ಬೈತಾಳೆ, ಬೈತಾ ಬೈತಾ ಬಣ್ಣ ವಾಪಸ್ ಬರುತ್ತೆ ಮುಖಕ್ಕೆ. ಮಾತು ಅಂದ್ರೆ ಸಾಲ ಕೊಟ್ಟು ವಾಪಸ್ ಇಸ್ಕೊಳ್ಳೋ ಪಾತ್ರೆ ಸಾಮಾನು ಥರ ಆಗುತ್ತೆ ಅಲ್ಲಿ. ‘ಐ ಲವ್ ಯೂ’ಗಿಂತ ಮುಂಚೆ ಒಂದು ಬೈಗುಳ ಆಚೆ ಬರಬೇಕಿತ್ತು ಅನ್ನೋದನ್ನ ಕಂಡುಹಿಡಿದ್ರಲ್ಲ, ಅದಕ್ಕೆ ನಾನು ಇಮ್ತಿಯಾಜ್ ಅಲಿಗೆ ಕೈ ಮುಗೀತೀನಿ.

2010ರ ‘ಬ್ಯಾಂಡ್ ಬಾಜಾ ಬಾರಾತ್’ ಬಗ್ಗೆ ಒಂದೇ ಮಾತು, ನಮ್ಮ ಬೆಂಗಳೂರಲ್ಲಿ ಬೆಳೆದ ಅನುಷ್ಕಾ ಶರ್ಮಾ ಅಲ್ಲಿ ಪಕ್ಕಾ ದಿಲ್ಲಿ ಹುಡುಗಿ, ವ್ಯಾಪಾರದ ಪಾಲುದಾರನ ಹತ್ರ ಪ್ರೀತಿ ಬೇಡ ಅಂತ ತಾನೇ ಹಾಕಿದ ರೂಲನ್ನ ತಾನೇ ಮುರಿದು, ಅದನ್ನ ಹೇಳೋಕಾಗದೆ ಸಿಟ್ಟು ಮಾಡ್ಕೊಂಡು ಕೂರ್ತಾಳೆ.

ಕೊನೇದು, 2015ರ ‘ದಮ್ ಲಗಾ ಕೆ ಹೈಶಾ’, ಶರತ್ ಕಟಾರಿಯಾ. ಹರಿದ್ವಾರ, 1995ನೇ ಇಸವಿ, ಕ್ಯಾಸೆಟ್ ಅಂಗಡಿ. ಹತ್ತನೇ ಕ್ಲಾಸ್ ಪಾಸಾಗದ ಪ್ರೇಮ್, ಕುಮಾರ್ ಸಾನು ಭಕ್ತ, ಬಿ.ಎಡ್ ಓದಿರೋ, ದಪ್ಪಗಿರೋ ಸಂಧ್ಯಾಳನ್ನ ಮನೆಯೋರ ಬಲವಂತಕ್ಕೆ ಮದುವೆ ಆಗ್ತಾನೆ. ಪಕ್ಕದಲ್ಲಿ ನಡೆಯೋಕೂ ನಾಚಿಕೆ ಅವನಿಗೆ. ಗೆಳೆಯರ ಮುಂದೆ ಅವಳ ಬಗ್ಗೆ ಕೀಳಾಗಿ ಮಾತಾಡ್ತಾನೆ, ಅವಳು ಅಲ್ಲೇ ಕೆನ್ನೆಗೆ ಬಾರಿಸ್ತಾಳೆ. ಥಿಯೇಟರಲ್ಲಿ ನನ್ನ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸು ‘ಸರಿಯಾಗಿ ಮಾಡಿದ್ಲು’ ಅಂತ ಜೋರಾಗೇ ಅಂದ್ರು. ಭೂಮಿ ಪೆಡ್ನೇಕರ್ ಆ ಹುಡುಗಿನ ಯಾರ ಕನಿಕರಕ್ಕೂ ಬಿಟ್ಟುಕೊಡಲ್ಲ. ಇವರಿಬ್ಬರೂ ಮಾತು ಬಿಟ್ಟಿದ್ದಾಗ ಒಂದೇ ಮನೇಲಿ ಕ್ಯಾಸೆಟ್ ಹಾಕಿ ಜಗಳ ಆಡ್ತಾರೆ. ಅವಳೊಂದು ಹಾಡು ಹಾಕ್ತಾಳೆ, ಇವನು ಎದ್ದು ಬಂದು ಅದನ್ನ ತೆಗೆದು ಅದಕ್ಕೆ ಉತ್ತರ ಕೊಡೋ ಹಾಡು ಹಾಕ್ತಾನೆ. ‘ರಜನೀಗಂಧಾ’ ಟ್ಯಾಕ್ಸೀಲಿ ಹಿನ್ನೆಲೇಲಿದ್ದ ಹಾಡು ನಲವತ್ತು ವರ್ಷ ಆದ್ಮೇಲೆ ಟೇಪ್ ರೆಕಾರ್ಡರ್ ಬಟನ್ನಿಗೆ ಬಂತು, ಬಾಯಿಗೆ ಇನ್ನೂ ಬಂದಿಲ್ಲ. ಕೊನೇಲಿ ಹೆಂಡತಿನ ಬೆನ್ನ ಮೇಲೆ ಹೊತ್ಕೊಂಡು ಓಡೋ ರೇಸ್. ಪ್ರೀತಿಸ್ತೀನಿ ಅಂತ ಅವನು ಭಾಷಣ ಮಾಡಲ್ಲ, ಏದುಸಿರು ಬಿಡ್ತಾ ಓಡ್ತಾನೆ, ಬೆನ್ನ ಮೇಲಿನ ಭಾರವೇ ಮಾತಾಗುತ್ತೆ.

ಇಲ್ಲಿಗೆ ನಾನು ನಿಲ್ಲಿಸ್ಬೇಕಿತ್ತು, ಮೂಲೇಲಿ ಕೂತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಕೇಳಿದ್ರು: ‘ಅಮ್ಮಾ, ಈಗಿನ ಹುಡುಗರಿಗೆ ಮೊಬೈಲಿದೆ, ಒಂದು ಮೆಸೇಜ್ ಹಾಕಿದ್ರೆ ಆಯ್ತು. ಇನ್ನು ಮೇಲೆ ಇಂಥಾ ಕಥೆ ಹೆಂಗೆ ಹುಟ್ಟುತ್ತೆ?’ ನಾನು ಬಾಯಿ ತೆಗೆಯೋಕೆ ಮುಂಚೆ ಅದೇ ಎರಡನೇ ಸಾಲಿನ ಹುಡುಗಿ ತಿರುಗಿ, ‘ಸರ್, ಟೈಪ್ ಮಾಡಿ ಅಳಿಸೋದು ಎಷ್ಟು ಸಲ ಅಂತ ನಿಮಗೇನು ಗೊತ್ತು’ ಅಂದಳು. ಮೇಷ್ಟ್ರು ನಕ್ಕು, ‘ಹೌದಾ ತಾಯಿ, ನಮ್ಮ ಕಾಲದಲ್ಲಿ ಇನ್‌ಲ್ಯಾಂಡ್ ಲೆಟರ್ ಹರಿದು ಹಾಕ್ತಿದ್ವಿ’ ಅಂದ್ರು.

ಆಮೇಲೆ ಕಾಫಿ ಕುಡಿದು, ಲೈಟ್ ಆರಿಸಿ, ಗೋಡೆ ಮೇಲೆ ‘ಚಶ್ಮೆ ಬದ್ದೂರ್’ ಹಾಕಿದ್ವಿ. ಸಬ್‌ಟೈಟಲ್ ಕನ್ನಡದ್ದು ಸಿಗ್ಲಿಲ್ಲ, ಹಿಂದಿ ಬರದೋರಿಗೆ ಪಕ್ಕದೋರು ಹೇಳ್ತಾ ಹೋದ್ರು. ಟವೆಲ್ ಒಗೆಯೋ ಸೀನ್ ಬಂದಾಗ ಮಾತ್ರ ಹೇಳೋರೆಲ್ಲ ಸುಮ್ಮನಾದ್ರು, ಫಾರೂಕ್ ಶೇಖ್ ಬಾಯಿ ತೆಗೆದು ಮತ್ತೆ ಮುಚ್ಚಿದ, ಹಿಂದಿನ ಸಾಲಿಂದ ಯಾರೋ ಮೆಲ್ಲಗೆ ‘ಹೇಳೋ’ ಅಂದ್ರು.